ಶಾಲೆಗೆ ಲ್ಯಾಪ್‌ಟಾಪ್ ಬಂದಿವೆ: ಬೀರುವಿನಿಂದ ಮಕ್ಕಳ ಕೈಗೆ ತರುವುದು ಹೇಗೆ?

ಹಳೆಯ ವಿದ್ಯಾರ್ಥಿಗಳ ಸಂಘವೋ, ಯಾವುದೋ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವೋ, ಇಲಾಖೆಯ ಯೋಜನೆಯೋ, ಅಂತೂ ನಿಮ್ಮೂರ ಪ್ರೌಢಶಾಲೆಗೆ ಇಪ್ಪತ್ತು ಲ್ಯಾಪ್‌ಟಾಪ್ ಬಂದಿವೆ ಎಂದಿಟ್ಟುಕೊಳ್ಳಿ. ಹಾರ, ಫೋಟೊ, ಭಾಷಣ ಎಲ್ಲ ಮುಗಿದಿವೆ. ಇನ್ನು ಮೊದಲ ಒಂದೆರಡು ವಾರಗಳಲ್ಲಿ ಶಾಲೆ ಏನು ಮಾಡುತ್ತದೆ ಎಂಬುದರ ಮೇಲೆ ಆ ಯಂತ್ರಗಳ ಆಯುಷ್ಯ ನಿಂತಿದೆ.

ಮಕ್ಕಳು ಬೀಳಿಸಿ, ಒಡೆದು ಹಾಳು ಮಾಡುತ್ತಾರೆ ಎಂಬುದು ಎಲ್ಲರ ಅಳುಕು. ನಾನು ಕಂಡಂತೆ ಹೆಚ್ಚಿನವು ಹಾಳಾಗುವುದು ಬೀರುವಿನೊಳಗೇ. ಒಂದು ಕೆಟ್ಟರೆ ಆಡಿಟ್‌ಗೆ ಯಾರು ಉತ್ತರ ಕೊಡಬೇಕು, ನನ್ನ ಸಂಬಳದಲ್ಲಿ ಹಿಡಿದರೆ ಏನು ಗತಿ ಎಂದು ಹೆದರಿ ಮುಖ್ಯ ಶಿಕ್ಷಕರು ಬೀಗ ಹಾಕಿಡುತ್ತಾರೆ. ಆ ಹೆದರಿಕೆಗೆ ಕಾರಣವಿದೆ, ಅವರನ್ನು ದೂರಿ ಪ್ರಯೋಜನವಿಲ್ಲ. ಹೆದರಿಕೆ ಕಳೆಯುವ ಏರ್ಪಾಡನ್ನು ಮೊದಲೇ ಮಾಡಿಕೊಂಡರೆ ಬೀಗ ತಾನಾಗಿ ತೆರೆಯುತ್ತದೆ. ಕೆಳಗೆ ಬರೆದಿರುವುದೆಲ್ಲ ಅದಕ್ಕಾಗಿಯೇ.

ಮೊದಲು ಕಾಗದಪತ್ರ

ಪೆಟ್ಟಿಗೆ ಬಿಚ್ಚುವ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಯಿರಿ. ನಡಾವಳಿ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಸಬೇಕಾದ ಸಂಗತಿಗಳು ಇವು: ಯಂತ್ರಗಳ ಹೊಣೆ ಯಾರದು, ಪಾಠದ ಬಳಕೆಯಲ್ಲಿ ಕೆಟ್ಟರೆ ರಿಪೇರಿ ಖರ್ಚು ಎಲ್ಲಿಂದ, ಮನೆಗೆ ಕೊಡುವುದೋ ಬೇಡವೋ. ಹೊಣೆಯನ್ನು ಒಬ್ಬ ಶಿಕ್ಷಕರಿಗೆ ಬಿಡಬೇಡಿ, ಇಬ್ಬರಿಗೆ ವಹಿಸಿ. ಒಬ್ಬರಿಗೆ ವರ್ಗಾವಣೆಯಾದರೂ ಕೆಲಸ ನಿಲ್ಲುವುದಿಲ್ಲ. ಬಳಕೆಯಲ್ಲಿ ಆದ ಹಾನಿಯನ್ನು ಶಿಕ್ಷಕರ ತಲೆಗಾಗಲಿ ಮಗುವಿನ ತಲೆಗಾಗಲಿ ಕಟ್ಟುವುದಿಲ್ಲ ಎಂಬ ಒಂದು ಸಾಲು ಆ ಠರಾವಿನಲ್ಲಿ ಇರಲೇಬೇಕು. ಯಂತ್ರಗಳನ್ನು ಇಲಾಖೆಯೇ ಕೊಟ್ಟಿದ್ದರೆ ಅದರ ನಿಯಮ ನಡೆಯುತ್ತದೆ. ಆಗ ಹಾನಿಯಾದರೆ ಏನು ಕ್ರಮ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಪತ್ರ ಬರೆದು, ಬರಹದಲ್ಲೇ ಉತ್ತರ ಪಡೆಯಿರಿ.

ದಾನಿಗಳಿಂದ ಬಂದಿದ್ದರೆ ದಾನಪತ್ರ, ಬಿಲ್ಲಿನ ಪ್ರತಿ, ವಾರಂಟಿ ಕಾಗದ ಮೂರನ್ನೂ ಕೇಳಿ ತೆಗೆದುಕೊಳ್ಳಿ. ಸಂಕೋಚ ಬೇಡ, ಬಿಲ್ಲಿಲ್ಲದೆ ಸರ್ವಿಸ್ ಸೆಂಟರಿಗೆ ಹೋದರೆ ಅಲೆದಾಟವೇ ಗತಿ.

ಇನ್ನು ದಾಸ್ತಾನು ವಹಿ. 'ಲ್ಯಾಪ್‌ಟಾಪ್ - 20' ಎಂದು ಒಂದೇ ಸಾಲಿನಲ್ಲಿ ಬರೆದರೆ ಅದು ಲೆಕ್ಕವಾಗುವುದಿಲ್ಲ. ಒಂದೊಂದು ಯಂತ್ರಕ್ಕೂ ಒಂದೊಂದು ಪುಟ ಮೀಸಲಿಡಿ. ಸೀರಿಯಲ್ ನಂಬರ್, ಬಂದ ದಿನ, ವಾರಂಟಿ ಮುಗಿಯುವ ದಿನ, ಆಮೇಲೆ ಆದ ಪ್ರತಿ ರಿಪೇರಿ ಅಲ್ಲೇ ದಾಖಲಾಗಲಿ. ಯಂತ್ರದ ಬೆನ್ನಿಗೆ 1ರಿಂದ 20ರವರೆಗೆ ಆಯಿಲ್ ಪೇಂಟಿನಲ್ಲಿ ದೊಡ್ಡದಾಗಿ ಸಂಖ್ಯೆ ಬರೆಯಿರಿ, ಅದೇ ಸಂಖ್ಯೆಯನ್ನು ಅದರ ಚಾರ್ಜರಿಗೂ ಹಾಕಿ. ಸ್ಟಿಕ್ಕರ್ ನಂಬಬೇಡಿ, ಬಿಸಿಗೆ ಕಿತ್ತು ಬರುತ್ತದೆ. ಬೇರೆ ಬೇರೆ ಕಂಪನಿಯ ಹಳೆಯ ಯಂತ್ರಗಳು ಬಂದಿದ್ದರಂತೂ ಚಾರ್ಜರ್ ಅದಲುಬದಲಾಗದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ಪಿನ್ ಹೊಂದಿತು ಎಂದ ಮಾತ್ರಕ್ಕೆ ವೋಲ್ಟೇಜ್ ಹೊಂದಬೇಕೆಂದಿಲ್ಲ.

ಕರೆಂಟಿನ ಲೆಕ್ಕ

ಇದನ್ನು ಮರೆತ ಶಾಲೆಗಳೇ ಹೆಚ್ಚು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಾಮಾನ್ಯವಾಗಿ ಲ್ಯಾಪ್‌ಟಾಪ್ ಚಾರ್ಜರ್ 45 ಅಥವಾ 65 ವಾಟ್‌ನದು. 65ರಂತೆ ಇಪ್ಪತ್ತು ಸೇರಿದರೆ 1,300 ವಾಟ್. ತರಗತಿಯ ಗೋಡೆಯಲ್ಲಿರುವ 6 ಆಂಪ್ ಪಾಯಿಂಟಿಗೆ 230 ವೋಲ್ಟ್‌ನಲ್ಲಿ ತಾಳುವ ಶಕ್ತಿ 1,380 ವಾಟ್. ಲೆಕ್ಕದಲ್ಲಿ ಸರಿಹೋದಂತೆ ಕಂಡರೂ ಹಳೆಯ ವೈರಿಂಗು, ಸಡಿಲ ಸಾಕೆಟ್ಟು, ಒಂದಕ್ಕೊಂದು ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡುಗಳ ಮೇಲೆ ಅಷ್ಟು ಭಾರ ಹೇರಿದರೆ ಪ್ಲಗ್ಗು ಬಿಸಿಯಾಗಿ ಕರಗುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಊರಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮೇನ್ ಬೋರ್ಡಿನಿಂದ ಪ್ರತ್ಯೇಕ ಲೈನು ಎಳೆಸಿ, ಅದಕ್ಕೆ ತಕ್ಕ ಎಂಸಿಬಿ (ಭಾರ ಹೆಚ್ಚಾದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು) ಹಾಕಿಸಿ. ಅಷ್ಟಕ್ಕೆ ಹಣವಿಲ್ಲದಿದ್ದರೆ ಹತ್ತು ಹತ್ತರಂತೆ ಎರಡು ಸರದಿಯಲ್ಲಿ ಚಾರ್ಜ್ ಮಾಡಿ.

ಅರ್ಥಿಂಗ್ ಇದೆಯೇ ಎಂದು ಅದೇ ದಿನ ನೋಡಿಸಿ. ಚಾರ್ಜಿಗಿಟ್ಟ ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ ಎಂದೇ ಅನುಮಾನಿಸಿ. ಮಕ್ಕಳು ಬಂದು ಹಾಗೆ ಹೇಳಿದರೆ ನಕ್ಕು ಸುಮ್ಮನಾಗಬೇಡಿ.

ಚಾರ್ಜಿಂಗ್ ಹಗಲಿನಲ್ಲೇ, ಶಾಲೆಯಲ್ಲಿ ಯಾರಾದರೂ ಇರುವಾಗಲೇ ಆಗಲಿ. ಶನಿವಾರ ಮಧ್ಯಾಹ್ನ ಪ್ಲಗ್ ಹಾಕಿ ಸೋಮವಾರ ಬಂದು ತೆಗೆಯುವ ಪದ್ಧತಿ ಬೇಡ. ಪೂರ್ತಿ ಮುಚ್ಚಿದ ಸ್ಟೀಲ್ ಬೀರುವಿನೊಳಗೆ ಚಾರ್ಜ್ ಮಾಡಲೂಬಾರದು. ಬಿಸಿ ಹೋಗಲು ದಾರಿಯಿರುವುದಿಲ್ಲ, ಬಿಸಿಯಾದಷ್ಟೂ ಬ್ಯಾಟರಿ ಬೇಗ ಸಾಯುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಜಾಲರಿ ಬಾಗಿಲಿನ ಒಂದು ರ‍್ಯಾಕ್ ಮಾಡಿಸಿ, ಪುಸ್ತಕದಂತೆ ನಿಲ್ಲಿಸಿಡಲು ಇಪ್ಪತ್ತು ಖಾನೆಗಳಿರಲಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಯಂತ್ರದ ಸ್ಕ್ರೀನಿಗೆ ಪೆಟ್ಟು.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಎಲ್ಲ ಯಂತ್ರಗಳನ್ನೂ ವಾರಕ್ಕೊಮ್ಮೆಯಾದರೂ ಓಡಿಸಲೇಬೇಕು. ಓಡುವಾಗ ಹುಟ್ಟುವ ಬಿಸಿಯೇ ಒಳಗಿನ ತೇವ ಒಣಗಿಸುತ್ತದೆ.

ಒಳಗೆ ಏನು ಹಾಕಬೇಕು

ದಾನವಾಗಿ ಬರುವವು ಬಹುಮಟ್ಟಿಗೆ ಕಂಪನಿಗಳಲ್ಲಿ ನಾಲ್ಕೈದು ವರ್ಷ ದುಡಿದ ಯಂತ್ರಗಳು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇದ್ದರೆ ವಿಂಡೋಸ್ 11ಕ್ಕೆ ಅಧಿಕೃತವಾಗಿ ಅವಕಾಶವಿಲ್ಲ. ಅಂಥವನ್ನು ಮೂಲೆಗೆ ಹಾಕಬೇಕಿಲ್ಲ. ವಿಂಡೋಸ್ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದರೆ ಇನ್ನೂ ಹಲವು ವರ್ಷ ಓಡುತ್ತವೆ, ಲೈಸೆನ್ಸ್ ಖರ್ಚೂ ಇಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಅಲ್ಲಿನ ಶಾಲಾ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಕಂಪನಿ ಕೈಟ್ ವರ್ಷಗಳಿಂದ ನಡೆಸಿಕೊಂಡು ಬಂದಿರುವುದು ಇಂಥ ಸ್ವತಂತ್ರ ತಂತ್ರಾಂಶಗಳನ್ನೇ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಆ ವ್ಯವಸ್ಥೆಯಲ್ಲೇ ಇವೆ. ಕನ್ನಡ ಬೆರಳಚ್ಚಿಗೆ ಉಬುಂಟುವಿನ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಇದೆ. ಮಕ್ಕಳು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆಯಲಿ.

ಪ್ರತಿ ಯಂತ್ರದಲ್ಲೂ ಎರಡು ಖಾತೆ ಮಾಡಿ: ಒಂದು ಮಕ್ಕಳಿಗೆ, ಇನ್ನೊಂದು ಉಸ್ತುವಾರಿ ಶಿಕ್ಷಕರಿಗೆ. ಹೊಸ ತಂತ್ರಾಂಶ ಹಾಕುವ ಅಧಿಕಾರ ಎರಡನೆಯದಕ್ಕೆ ಮಾತ್ರ ಇರಲಿ. ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಪಾಸ್‌ವರ್ಡ್ ಗೊತ್ತಿದ್ದ ಒಬ್ಬರೇ ಮೇಷ್ಟ್ರು ವರ್ಗವಾಗಿ ಹೋಗಿ, ಇಡೀ ಲ್ಯಾಬ್ ತೆರೆಯಲಾಗದೆ ಕೂತ ಶಾಲೆಗಳಿವೆ.

ಇಂಟರ್ನೆಟ್ ಇಲ್ಲವೆಂದು ಕಾಯುವ ಅಗತ್ಯವಿಲ್ಲ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ ಮತ್ತೆ ಜಾಲ ಸಂಪರ್ಕ ಬೇಡ. ಗಣಿತಕ್ಕೆ ಜಿಯೋಜೀಬ್ರಾ, ಆಕಾಶ ನೋಡಲು ಸ್ಟೆಲೇರಿಯಂ, ಪ್ರೋಗ್ರಾಮಿಂಗ್ ರುಚಿ ಹತ್ತಿಸಲು ಸ್ಕ್ರ್ಯಾಚ್ ಎಲ್ಲವೂ ಆಫ್‌ಲೈನ್ ಓಡುತ್ತವೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳಲ್ಲಿ (ಪರದೆಯ ಮೇಲೇ ಮಾಡಿನೋಡುವ ಪ್ರಯೋಗಗಳು) ಕನ್ನಡಕ್ಕೆ ಬಂದಿರುವವೂ ಇವೆ. ಎಂಟನೇ ತರಗತಿಯ ಮಗು ವಿದ್ಯುತ್ ಮಂಡಲವನ್ನು ತಾನೇ ಜೋಡಿಸಿ, ಬಲ್ಬು ಉರಿದಾಗ ಅದರ ಮುಖ ನೋಡಿದರೆ ಈ ಎಲ್ಲ ಪಡಿಪಾಟಲು ಸಾರ್ಥಕ ಅನಿಸುತ್ತದೆ.

ವೇಳಾಪಟ್ಟಿಯಲ್ಲಿ ಜಾಗ

ಪೆರುವಿನ ಹಳ್ಳಿಗಾಡಿನ 319 ಶಾಲೆಗಳಲ್ಲಿ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯ ಪರಿಣಾಮವನ್ನು ಅಳೆದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಪ್ರಗತಿ ಕಾಣಲಿಲ್ಲ. ಯಂತ್ರ ಕೊಟ್ಟದ್ದಾಯಿತು, ಅದನ್ನು ಯಾವ ಪಾಠಕ್ಕೆ ಹೇಗೆ ಬಳಸಬೇಕೆಂದು ಶಿಕ್ಷಕರ ಜೊತೆ ಕೂತು ಯೋಚಿಸುವ ಕೆಲಸ ಹಿಂದೆ ಬಿತ್ತು. ನಮ್ಮ ಕರ್ನಾಟಕದಲ್ಲೂ 2001ರಲ್ಲಿ ಸರ್ಕಾರದ ಮಾಹಿತಿ ಸಿಂಧು ಯೋಜನೆ ಬಂದಾಗ ಖಾಸಗಿ ಕಂಪನಿಗಳ ಬೋಧಕರು ಪ್ರೌಢಶಾಲೆಗಳಿಗೆ ಬಂದು ಕಂಪ್ಯೂಟರ್ ಕಲಿಸಿದರು. ಗುತ್ತಿಗೆ ಮುಗಿಯಿತು, ಬೋಧಕರು ಹೋದರು.

ಹಾಗಾಗಿ ಲ್ಯಾಪ್‌ಟಾಪನ್ನು 'ಕಂಪ್ಯೂಟರ್ ಪಿರಿಯಡ್' ಎಂಬ ಪ್ರತ್ಯೇಕ ಕೋಣೆಗೆ ಕಟ್ಟಿಹಾಕಬೇಡಿ. ಗಣಿತದವರು, ವಿಜ್ಞಾನದವರು, ಸಮಾಜದವರು, ಕನ್ನಡದವರು ತಂತಮ್ಮ ಪಠ್ಯದಲ್ಲಿ ತಿಂಗಳಿಗೆ ಎರಡು ಪಾಠ ಆರಿಸಿಕೊಳ್ಳಲಿ, ಅಷ್ಟು ಸಾಕು. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಹಂಚಿ, ತೆರೆದು, ಮತ್ತೆ ಜೋಡಿಸುವಷ್ಟರಲ್ಲಿ ಅರ್ಧ ಸಮಯ ಹೋಗುತ್ತದೆ. ಜೋಡಿ ಪಿರಿಯಡ್ ಹಾಕಿಕೊಳ್ಳಿ. ನಲವತ್ತು ಮಕ್ಕಳಿಗೆ ಇಪ್ಪತ್ತು ಯಂತ್ರ ಎಂಬುದನ್ನು ಕೊರತೆ ಎಂದು ನಾನು ಎಣಿಸುವುದಿಲ್ಲ. ಇಬ್ಬರು ಕೂತಾಗ ಒಬ್ಬರಿಗೊಬ್ಬರು ವಿವರಿಸಿಕೊಳ್ಳುತ್ತಾರೆ. ಆದರೆ ಹದಿನೈದು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಾಗಲೇಬೇಕು, ಇಲ್ಲದಿದ್ದರೆ ಗಟ್ಟಿ ಸ್ವಭಾವದ ಮಗುವೇ ಇಡೀ ವರ್ಷ ಒತ್ತುತ್ತಿರುತ್ತದೆ. ಹುಡುಗ ಹುಡುಗಿ ಒಂದೇ ಗುಂಪಿನಲ್ಲಿದ್ದಾಗ ಹುಡುಗಿಯರು ನೋಡುವುದಕ್ಕಷ್ಟೇ ಉಳಿಯುವುದುಂಟು. ಅದನ್ನು ಕಂಡೂ ಕಾಣದಂತೆ ಇರಬೇಡಿ.

ಮಕ್ಕಳದೇ ತಂಡ

ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲಿ. ಕೇರಳದಲ್ಲಿ 2018ರಿಂದ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕ್ಲಬ್‌ಗಳು ಪ್ರೌಢಶಾಲೆಗಳಲ್ಲಿ ನಡೆಯುತ್ತಿವೆ. ಹಾರ್ಡ್‌ವೇರ್, ಆ್ಯನಿಮೇಷನ್, ಎಲೆಕ್ಟ್ರಾನಿಕ್ಸ್ ಕಲಿಯುವುದರ ಜೊತೆಗೆ ಶಾಲೆಯ ಉಪಕರಣಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದಕ್ಕೂ ಆ ಮಕ್ಕಳು ಹೆಗಲು ಕೊಡುತ್ತಾರೆ. ನೀವೂ ಎಂಟು ಮತ್ತು ಒಂಬತ್ತನೇ ತರಗತಿಯಿಂದ ಎಂಟು ಮಕ್ಕಳನ್ನು ಆರಿಸಿ, ಅರ್ಧದಷ್ಟು ಹುಡುಗಿಯರಿರಲಿ. ಮೊದಲ ರ‍್ಯಾಂಕಿನವರನ್ನೇ ಹುಡುಕಬೇಡಿ. ಮನೆಯಲ್ಲಿ ಮಿಕ್ಸಿ ಬಿಚ್ಚಿ ಬೈಸಿಕೊಂಡ ಮಗು ಒಂದಿರುತ್ತದೆ, ಅದು ಬೇಕು.

ಹಂಚುವುದು, ಎಣಿಸಿ ಹಿಂದೆ ಪಡೆಯುವುದು, ಒಣಬಟ್ಟೆಯಲ್ಲಿ ಒರೆಸುವುದು, ಕೆಟ್ಟದ್ದನ್ನು ವಹಿಯಲ್ಲಿ ಬರೆಯುವುದು ಅವರ ಕೆಲಸ. ಹತ್ತನೇ ತರಗತಿಗೆ ಹೋಗುವ ಮೊದಲು ಕಿರಿಯರಿಗೆ ಕಲಿಸಿ ಹೋಗಬೇಕು. ಕೆಡಿಸಿದ್ದನ್ನು ಒಪ್ಪಿಕೊಂಡ ಮಗುವಿಗೆ ಶಿಕ್ಷೆ ಇಲ್ಲ ಎಂದು ಪ್ರಾರ್ಥನಾ ಸಭೆಯಲ್ಲೇ ಹೇಳಿಬಿಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಸಣ್ಣ ಬಿರುಕೇ ಮುಂದೆ ದೊಡ್ಡ ಖರ್ಚು ತರುತ್ತದೆ.

ತಂಡಕ್ಕೆ ಎರಡು ತುರ್ತು ಪಾಠ ಕಡ್ಡಾಯ. ನೀರು ಚೆಲ್ಲಿದರೆ ಮೊದಲು ಪ್ಲಗ್ ಕೀಳಬೇಕು, ಪವರ್ ಬಟನ್ ಒತ್ತಿ ಹಿಡಿದು ಆರಿಸಬೇಕು, ತೆರೆದು ಮಗುಚಿ ಇಡಬೇಕು. ಸರಿಯಾಯಿತೇ ಎಂದು ಆನ್ ಮಾಡಿ ನೋಡಬಾರದು, ಮೆಕ್ಯಾನಿಕ್ ನೋಡುವವರೆಗೆ ಹಾಗೇ ಇರಲಿ. ಎರಡನೆಯದು ಊದಿದ ಬ್ಯಾಟರಿ. ಟಚ್‌ಪ್ಯಾಡ್ ಮೇಲೆದ್ದರೆ, ತಳ ಉಬ್ಬಿ ಯಂತ್ರ ಮೇಜಿನ ಮೇಲೆ ಅಲುಗಾಡಿದರೆ ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ಇದು ಮಕ್ಕಳು ಮುಟ್ಟುವ ಕೆಲಸವಲ್ಲ, ದೂರ ನಿಂತು ಶಿಕ್ಷಕರನ್ನು ಕರೆಯಬೇಕು.

ಮನೆಗೆ ಕಳಿಸುವುದಾದರೆ

ಮೊದಲ ವರ್ಷ ಬೇಡ. ಶಾಲೆಯೊಳಗಿನ ಬಳಕೆ ಹದಕ್ಕೆ ಬಂದ ಮೇಲೆ ವಾರಾಂತ್ಯಕ್ಕೆ ನಾಲ್ಕೈದು ಯಂತ್ರ ಕೊಟ್ಟು ನೋಡಿ, ಮನೆಯಲ್ಲಿ ಫೋನೂ ಇಲ್ಲದ ಮಕ್ಕಳಿಗೆ ಮೊದಲು. ಪೋಷಕರನ್ನು ಕರೆಸಿ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ತೆಗೆದುಕೊಳ್ಳಿ. ಬಡ ಕುಟುಂಬದಿಂದ ಠೇವಣಿ ಕೇಳಬೇಡಿ, ಕೇಳಿದರೆ ಯಾರಿಗೆ ಹೆಚ್ಚು ಬೇಕೋ ಅವರೇ ಹಿಂದೆ ಸರಿಯುತ್ತಾರೆ.

ಕಳ್ಳತನದ ಭಯಕ್ಕೆ ನಿಗಾ ಇಡುವ ತಂತ್ರಾಂಶ ಹಾಕೋಣ ಎಂದು ಯಾರಾದರೂ ಸಲಹೆ ಕೊಟ್ಟಾರು. ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆ ಹಾಗೆ ಮಾಡಿತ್ತು. ಶಾಲೆ ಕೊಟ್ಟ ಲ್ಯಾಪ್‌ಟಾಪಿನ ಕ್ಯಾಮೆರಾ ಮಕ್ಕಳ ಮನೆಯೊಳಗಿನ ಚಿತ್ರಗಳನ್ನೂ ತೆಗೆದಿದ್ದು 2010ರಲ್ಲಿ ಬಯಲಾಗಿ, ಮೊಕದ್ದಮೆ ನಡೆದು 6,10,000 ಡಾಲರ್‌ಗೆ ರಾಜಿಯಾಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಕ್ಯಾಮೆರಾಕ್ಕೆ ಕಾಗದದ ಪಟ್ಟಿ ಅಂಟಿಸಿ, ಬೇಕಾದಾಗ ತೆಗೆಯಲು ಮಕ್ಕಳಿಗೆ ಕಲಿಸಿ. ಬೇಡದ ಜಾಲತಾಣಗಳನ್ನು ತಡೆಯುವ ಫಿಲ್ಟರ್ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ: ಲಾಸ್ ಏಂಜಲೀಸ್‌ನಲ್ಲಿ 2013ರಲ್ಲಿ ಐಪ್ಯಾಡ್ ಹಂಚಿದ ಕೆಲವೇ ವಾರಗಳಲ್ಲಿ ಮಕ್ಕಳು ತಡೆಯನ್ನು ದಾಟಿದ್ದರು. ಯಾರಾದರೂ ಆನ್‌ಲೈನ್‌ನಲ್ಲಿ ಪೀಡಿಸಿದರೆ ಮಕ್ಕಳ ಸಹಾಯವಾಣಿ 1098, ಹಣ ವಂಚನೆಯಾದರೆ ಸೈಬರ್ ಸಹಾಯವಾಣಿ 1930. ಈ ಎರಡು ಸಂಖ್ಯೆಗಳು ರ‍್ಯಾಕಿನ ಬಾಗಿಲ ಮೇಲಿರಲಿ.

ರಜೆ, ರಿಪೇರಿ, ವಿದಾಯ

ಬೇಸಿಗೆ ರಜೆಗೆ ಮುಂಚೆ ಎಲ್ಲವನ್ನೂ ಅರ್ಧದಷ್ಟು ಚಾರ್ಜ್ ಮಾಡಿ, ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಆಫ್ ಮಾಡಿ. ಸೊನ್ನೆಗಿಳಿದ ಬ್ಯಾಟರಿ ಏಪ್ರಿಲ್, ಮೇ ಎರಡು ತಿಂಗಳು ಹಾಗೇ ಬಿದ್ದಿದ್ದರೆ ಜೂನ್‌ನಲ್ಲಿ ಏಳದಿರಬಹುದು. ಗೋಡೆಯಿಂದ ಪ್ಲಗ್ಗುಗಳನ್ನೂ ಕಿತ್ತಿಡಿ, ಮುಂಗಾರು ಪೂರ್ವದ ಸಿಡಿಲು ಬಡಿಯುವುದು ಆಗಲೇ.

ರಿಪೇರಿ ನಿಧಿಗೆ ವರ್ಷಕ್ಕಿಷ್ಟು ಎಂದು ದಾನಿಗಳಿಂದಲೇ ಮೊದಲು ಕೇಳಿ. ಹದಿನೆಂಟು ಲ್ಯಾಪ್‌ಟಾಪ್ ಕೊಡಿ, ಉಳಿದೆರಡರ ಹಣ ರಿಪೇರಿಗಿರಲಿ ಎಂದರೆ ಒಪ್ಪುವ ದಾನಿಗಳಿದ್ದಾರೆ. ಪೂರ್ತಿ ಕೆಟ್ಟದ್ದನ್ನು ಕೂಡಲೇ ಗುಜರಿಗೆ ಕೊಡಬೇಡಿ. ಅದೇ ಮಾದರಿಯ ಇನ್ನೊಂದಕ್ಕೆ ಅದರ ಕೀಬೋರ್ಡು, ರ‍್ಯಾಮ್, ಸ್ಕ್ರೀನು ಆಗುತ್ತವೆ. ಯಾವ ಭಾಗ ಯಾವುದಕ್ಕೆ ಹೋಯಿತು ಎಂದು ಎರಡೂ ಪುಟಗಳಲ್ಲಿ ಬರೆಯಿರಿ, ಆಡಿಟ್‌ಗೆ ಅದೇ ಉತ್ತರ. ಕಡೆಗೆ ಉಳಿದ ಅಸ್ಥಿಪಂಜರವನ್ನು ವಹಿಯಿಂದ ತೆಗೆಯಲು ಇಲಾಖೆಯ ವಿಲೇವಾರಿ ಕ್ರಮವಿದೆ, ಅದನ್ನು ಮುಗಿಸಿ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ. ತೆಗೆದಿಟ್ಟ ಬ್ಯಾಟರಿಗಳನ್ನು ಅಲ್ಲಿಯವರೆಗೆ ಕಾಗದಪತ್ರಗಳಿರುವ ಕೋಣೆಯಲ್ಲಂತೂ ಇಡಬೇಡಿ.