ರಿಚಿ ಮೆಕಾ ಆಟ ನೋಡಬೇಕಾ? ಚೆಂಡಿನ ಮೇಲಿನ ಕಣ್ಣು ತೆಗೆಯಿರಿ

ರಗ್ಬಿಯಲ್ಲಿ ಚೆಂಡಿನ ಹಿಂದೆಯೇ ಕಣ್ಣು ಓಡಿಸಿದರೆ ರಿಚಿ ಮೆಕಾ ಏನು ಮಾಡಿದ ಅಂತ ಗೊತ್ತೇ ಆಗುವುದಿಲ್ಲ. ನ್ಯೂಜಿಲೆಂಡ್‌ಗೆ 148 ಟೆಸ್ಟ್ ಆಡಿದವನು, 110ರಲ್ಲಿ ನಾಯಕ. ಆದರೂ ಹೈಲೈಟ್ಸ್ ನೋಡಿದರೆ ಅವನ ಆಟ ಅರ್ಥವಾಗದು. ಪೂರ್ತಿ 80 ನಿಮಿಷದ ಪಂದ್ಯ ಹಾಕಿಕೊಳ್ಳಿ. ಹೊಸಬರಿಗೆ ನಾನು ಹೇಳುವುದು 2011ರ ವಿಶ್ವಕಪ್ ಫೈನಲ್. ಆಕ್ಲೆಂಡ್‌ನ ಈಡನ್ ಪಾರ್ಕ್, ಎದುರಿಗೆ ಫ್ರಾನ್ಸ್.

ಮೊದಲು ಕಪ್ಪು ಜೆರ್ಸಿಯ 7ನೇ ನಂಬರ್ ಹುಡುಕಿ. ಆ ಜಾಗದ ಹೆಸರು ಓಪನ್‌ಸೈಡ್ ಫ್ಲ್ಯಾಂಕರ್. ಸ್ಕ್ರಮ್‌ನಿಂದ, ಅಂದರೆ ಎರಡೂ ತಂಡದವರು ಗುಂಪಾಗಿ ತಬ್ಬಿಕೊಂಡು ಚೆಂಡಿಗಾಗಿ ತಳ್ಳಾಡುವ ಕಡೆಯಿಂದ, ಬಿಡಿಸಿಕೊಂಡು ಚೆಂಡಿನತ್ತ ಮೊದಲು ಓಡಬೇಕಾದವನು ಅವನೇ.

ಈಗ ನಿಜವಾದ ಕೆಲಸ. ಯಾರನ್ನಾದರೂ ಟ್ಯಾಕಲ್ ಮಾಡಿ ಕೆಡವಿದ ಕೂಡಲೇ ಮನಸ್ಸಲ್ಲೇ ಒಂದು, ಎರಡು, ಮೂರು ಎಣಿಸಿ. ಬಿದ್ದವನು ಚೆಂಡು ಬಿಡಬೇಕು. ಕೆಡವಿದವನು ಅವನನ್ನು ಬಿಟ್ಟು ಏಳಬೇಕು. ಅಷ್ಟರಲ್ಲಿ ಮೆಕಾ ತನ್ನ ತಂಡದ ಕಡೆಯಿಂದ ಬಂದು, ಕಾಲ ಮೇಲೆ ನಿಂತುಕೊಂಡೇ ಬಗ್ಗಿ ಚೆಂಡಿಗೆ ಕೈ ಹಾಕುತ್ತಾನೆ. ಬಿದ್ದವನು ಬಿಡದಿದ್ದರೆ ಮೆಕಾ ತಂಡಕ್ಕೆ ಪೆನಾಲ್ಟಿ. ಒದ್ದು ಕಂಬಗಳ ನಡುವೆ ದಾಟಿಸಿದರೆ 3 ಅಂಕ. ಆದರೆ ಎರಡೂ ಕಡೆಯವರು ಚೆಂಡಿನ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ರಕ್ ಆಯಿತೋ, ಹೊಸದಾಗಿ ಕೈ ಹಾಕುವಂತಿಲ್ಲ. ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿಯಲು ಹೊಂಚುವ ಕಾರ್ನರ್ ಆಟಗಾರ ಗೊತ್ತಲ್ವಾ? ಅದೇ ಲೆಕ್ಕಾಚಾರ. ನಮ್ಮ ಮನೆಯವಳು ಮಾತ್ರ ‘ಇದೇನ್ರೀ, ರಾಶಿ ಬಿದ್ದಿದ್ದಾರೆ’ ಅಂತ ಎದ್ದು ಹೋಗ್ತಾಳೆ.

ಟಿವಿ ಸೌಂಡ್ ಸ್ವಲ್ಪ ಜಾಸ್ತಿ ಇಡಿ. ರೆಫ್ರಿ ಮೈಕ್ ಹಾಕಿರುತ್ತಾರೆ, ಆಟಗಾರರಿಗೆ ಹೇಳುವುದು ನಮಗೂ ಕೇಳಿಸುತ್ತದೆ. ಮೆಕಾನನ್ನು ಮೋಸಗಾರ ಅಂತ ಬೈದ ಎದುರಾಳಿ ಅಭಿಮಾನಿಗಳು ಬೇಕಾದಷ್ಟು ಜನ. ನನ್ನ ಪ್ರಕಾರ ರೆಫ್ರಿ ಆ ದಿನ ಎಷ್ಟಕ್ಕೆ ಬಿಡುತ್ತಾರೆ ಅಂತ ಬೇಗ ಅಳೆದು, ಅಷ್ಟನ್ನೂ ಬಳಸಿಕೊಳ್ಳುತ್ತಿದ್ದ. ಹಾಗಂತ ಸಾಧುವೇನಲ್ಲ. 2015ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದವನಿಗೆ ಕಾಲು ಅಡ್ಡ ಕೊಟ್ಟು ಹಳದಿ ಕಾರ್ಡ್ ತಿಂದ.

2011ರ ಫೈನಲ್‌ನ ದ್ವಿತೀಯಾರ್ಧದಲ್ಲಿ ಬಹಳ ಹೊತ್ತು ಸ್ಕೋರ್ 8-7ರಲ್ಲೇ ನಿಂತಿರುತ್ತದೆ, ಕೊನೆಗೆ ಗೆದ್ದದ್ದೂ ಅದರಲ್ಲೇ. ಆಗ ಮೆಕಾನ ಪಾದದ ಮೂಳೆ ಮುರಿದಿತ್ತು. ಪ್ರತಿ ಸಲ ನೆಲದಿಂದ ಹೇಗೆ ಏಳುತ್ತಾನೆ, ನೋಡಿ.

ಆಮೇಲೆ 2007ರ ವಿಶ್ವಕಪ್‌ನ ಕಾರ್ಡಿಫ್ ಕ್ವಾರ್ಟರ್ ಫೈನಲ್ ಹಾಕಿ. ಇವನೇ ನಾಯಕ, ಅದೇ ಫ್ರಾನ್ಸ್ ಎದುರು 20-18ರಲ್ಲಿ ಸೋಲು. ಕೊನೆಗೆ 2015ರ ಟ್ವಿಕೆನ್‌ಹ್ಯಾಮ್ ಫೈನಲ್, ಆಸ್ಟ್ರೇಲಿಯಾ ಎದುರು 34-17. ಅದೇ ಅವನ ಕೊನೇ ಪಂದ್ಯ. ಅಲ್ಲಿ ಅವನದೇ ತಂಡದ ಡ್ಯಾನ್ ಕಾರ್ಟರ್‌ನ ಕಿಕ್‌ಗಳು ಕಣ್ಣು ಸೆಳೆಯುತ್ತವೆ. ಮೊದಲ ಸಲ ಆರಾಮಾಗಿ ಅವನ್ನೇ ನೋಡಿ. ಎರಡನೇ ಸಲ 7ನೇ ನಂಬರ್.