ಕಬಾಬ್ ಕಡ್ಡಿಯಲ್ಲಿ ಶುಖೋವ್ ಗೋಪುರ ಕಟ್ಟಿದ್ದು: ನನ್ನ ಅನುಭವ

48ನೇ ಕಡ್ಡಿ ಕಟ್ಟಿದ ಮೇಲೂ ನನ್ನ ಗೋಪುರ ಅಲ್ಲಾಡುತ್ತಲೇ ಇತ್ತು. ಎರಡೂ ಕಡೆಯಿಂದ ಅಂಗೈಯಲ್ಲಿ ಒತ್ತಿದರೆ ಮೊಟ್ಟೆಯ ಆಕಾರಕ್ಕೆ ಬರುತ್ತಿತ್ತು, ಬಿಟ್ಟರೆ ಮತ್ತೆ ದುಂಡಗೆ. ಎಲ್ಲೋ ಲೆಕ್ಕ ತಪ್ಪಿದ್ದೇನೆ ಅಂದುಕೊಂಡೆ. ಆದರೆ ಲೆಕ್ಕ ಸರಿಯೇ ಇತ್ತು. ನಾನು ಇನ್ನೂ ಮಧ್ಯದ ಬಳೆಗಳನ್ನು ಕಟ್ಟಿರಲಿಲ್ಲ, ಅಷ್ಟೇ.

ನಾನು ಸ್ಟ್ರಕ್ಚರಲ್ ಡಿಸೈನರ್. ಗೋಡೌನ್‌ ಶೆಡ್ಡು, ಓವರ್‌ಹೆಡ್ ಟ್ಯಾಂಕು, ಮನೆಯ ಸ್ಲ್ಯಾಬು, ಇಂಥವೇ ನನ್ನ ದಿನದ ಕೆಲಸ. ರಷ್ಯಾದ ಎಂಜಿನಿಯರ್ ವ್ಲಾದಿಮಿರ್ ಶುಖೋವ್ ಹೆಸರು ಕಾಲೇಜಿನಲ್ಲಿ ಕೇಳಿದ ನೆನಪಿಲ್ಲ. ಒಂದು ದಿನ ಅವರು ಕಟ್ಟಿದ, ಮಾಸ್ಕೋದ ಶಾಬೊಲೊವ್ಕಾ ರೇಡಿಯೋ ಗೋಪುರದ ಫೋಟೋ ಕಣ್ಣಿಗೆ ಬಿತ್ತು. ಕೆಳಗೆ ನಿಂತು ನೇರ ಮೇಲಕ್ಕೆ ನೋಡಿ ತೆಗೆದ ಫೋಟೋ ಅದು. ಬಲೆ ಹೆಣೆದ ಹಾಗಿತ್ತು. ಅಡ್ಡ ಬಳೆಗಳನ್ನು ಬಿಟ್ಟರೆ ಬಾಗಿದ ಒಂದು ಕಬ್ಬಿಣವೂ ಇಲ್ಲ, ಎಲ್ಲವೂ ನೇರ. ಆದರೂ ಗೋಪುರ ಬಳುಕಿಕೊಂಡು ನಿಂತಿದೆ! ಇದು ಹೇಗೆ ನಿಲ್ಲುತ್ತದೆ ಅಂತ ಕಂಪ್ಯೂಟರಿನಲ್ಲಿ ನೋಡುವ ಬದಲು ಕೈಯಲ್ಲೇ ಕಟ್ಟಿ ನೋಡೋಣ ಅನಿಸಿತು.

ಶಾಬೊಲೊವ್ಕಾ ಗೋಪುರದ ಅಳತೆ ಮಾದರಿ ಮಾಡುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಬುಡದ ಅಗಲ ಸುಮಾರು 40 ಮೀಟರ್. 6 ಹಂತಗಳು, ಒಂದೊಂದು ಸುಮಾರು 25 ಮೀಟರ್, ಒಟ್ಟು ಎತ್ತರ ಸುಮಾರು 150 ಮೀಟರ್. ನೂರರಲ್ಲಿ ಒಂದು ಪಾಲು ಅಂದರೆ ಬುಡ 40 ಸೆಂಟಿಮೀಟರ್, ಒಂದು ಹಂತ 25 ಸೆಂಟಿಮೀಟರ್. ಅಂಗಡಿಯಲ್ಲಿ ಸಿಗುವ ಕಬಾಬ್ ಚುಚ್ಚುವ ಬಿದಿರು ಕಡ್ಡಿ 30 ಸೆಂಟಿಮೀಟರ್ ಇರುತ್ತದೆ. ಸರಿಹೋಯಿತು ಅಲ್ವಾ?

ದಪ್ಪ ಜಿಐ ತಂತಿಯಲ್ಲಿ ಎರಡು ಬಳೆ ಮಾಡಿದೆ. ಕೆಳಗಿನದು 40 ಸೆಂಟಿಮೀಟರ್ ಅಗಲ, ಮೇಲಿನದು 30. ಎರಡರ ಮೇಲೂ ಸಮ ದೂರದಲ್ಲಿ 24 ಗುರುತು ಹಾಕಿದೆ. ಕೆಳಗಿನ ಒಂದೊಂದು ಗುರುತಿನಿಂದಲೂ ಎರಡು ಕಡ್ಡಿ ಹೊರಡುತ್ತವೆ. ಒಂದು ಬಲಕ್ಕೆ ವಾಲಿ ಮೇಲೆ 3 ಗುರುತು ದಾಟಿ ಕೂರುತ್ತದೆ, ಇನ್ನೊಂದು ಎಡಕ್ಕೆ ವಾಲಿ 3 ಗುರುತು. ಅಂದರೆ 45 ಡಿಗ್ರಿ ತಿರುವು. ಲೆಕ್ಕ ಹಾಕಿದರೆ ಕಡ್ಡಿಯ ಉದ್ದ 28.7 ಸೆಂಟಿಮೀಟರ್ ಬರುತ್ತದೆ. ಗಂಟು ಹಾಕಲು ತುದಿಯಲ್ಲಿ ಸ್ವಲ್ಪ ಜಾಸ್ತಿ ಉಳಿಯುತ್ತದೆ.

ಮೊದಲ ಸಲ ಎರಡೂ ಸಾಲಿನ ಕಡ್ಡಿಗಳನ್ನು ಬಳೆಯ ಒಂದೇ ಬದಿಗೆ ಕಟ್ಟಿಬಿಟ್ಟೆ. ಅವು ಒಂದಕ್ಕೊಂದು ತಾಗಿ ಬಿಲ್ಲಿನಂತೆ ಬಾಗಿದವು. ಎಲ್ಲ ಬಿಚ್ಚಿ, ಬಲಕ್ಕೆ ವಾಲುವವನ್ನು ಬಳೆಯ ಒಳಗೂ ಎಡಕ್ಕೆ ವಾಲುವವನ್ನು ಹೊರಗೂ ಕಟ್ಟಿದೆ. ಆಗ ಕಡ್ಡಿಗಳು ನೆಟ್ಟಗೆ ಕೂತವು. ಅಲ್ಲಾಟ ಮಾತ್ರ ನಿಲ್ಲಲಿಲ್ಲ.

ಇದು ಗೊತ್ತಿರಬೇಕಾದ ಸಂಗತಿ. ಓರೆ ಕಡ್ಡಿಗಳ ಬಲೆ ತಾನಾಗಿಯೇ ಬಿಗಿಯಾಗಿರುವುದಿಲ್ಲ. ದಾಟುವ ಕಡೆಗಳಲ್ಲಿ ದಾರದ ಗಂಟು ಕತ್ತರಿಯ ಕೀಲಿನ ಹಾಗೆ ತಿರುಗುತ್ತದೆ, ಬಲೆ ಅಗಲವಾಗುತ್ತದೆ, ಮುದುಡುತ್ತದೆ. ಅಡ್ಡ ಬಳೆಗಳು ಬಂದಾಗಲೇ ಚೌಕದ ಕಿಂಡಿಗಳು ತ್ರಿಕೋನಗಳಾಗುವುದು. ಮಧ್ಯದಲ್ಲಿ 3 ಬಳೆ ಕಟ್ಟಿ ಮತ್ತೆ ಒತ್ತಿದೆ. ಕಲ್ಲಿನ ಹಾಗೆ ನಿಂತಿತು. 10 ಕೆಜಿ ಅಕ್ಕಿ ಮೂಟೆ ಮೇಲಿಟ್ಟೆ, ಒಂದು ಕಡ್ಡಿಯೂ ಬಾಗಲಿಲ್ಲ. ಶುಖೋವ್ ಗೋಪುರದ ಫೋಟೋಗಳಲ್ಲಿ ಆ ಅಡ್ಡ ಬಳೆಗಳು ಕಾಣುತ್ತವೆ. ಅಷ್ಟು ದಿನ ನಾನು ಅವನ್ನು ಅಲಂಕಾರ ಅಂದುಕೊಂಡಿದ್ದೆ.

ಈ ಆಕಾರವನ್ನು ಶುಖೋವ್ ಮೊದಲು ಕಟ್ಟಿ ತೋರಿಸಿದ್ದು 1896ರಲ್ಲಿ, ರಷ್ಯಾದ ನಿಜ್ನಿ ನೊವ್ಗೊರೊದ್ ನಗರದ ದೊಡ್ಡ ಪ್ರದರ್ಶನದಲ್ಲಿ. ಅದು 37 ಮೀಟರ್ ಎತ್ತರದ ನೀರಿನ ಗೋಪುರ. ಮೈಯೆಲ್ಲ 80 ನೇರ ಆ್ಯಂಗಲ್‌ಗಳು (L ಆಕಾರದ ಉಕ್ಕಿನ ಪಟ್ಟಿಗಳು), ತಲೆಯ ಮೇಲೆ ಟ್ಯಾಂಕು. ತಲೆಕೆಳಗಾಗಿಟ್ಟ ಬುಟ್ಟಿಯ ಮೇಲೆ ಭಾರದ ಹೂಕುಂಡ ಕೂತಿದ್ದನ್ನು ನೋಡಿ ಅವರಿಗೆ ಇದು ಹೊಳೆಯಿತು ಅನ್ನುವ ಕಥೆ ಇದೆ. ನಮ್ಮ ಬೆತ್ತದ ಸ್ಟೂಲನ್ನು ನೆನೆಸಿಕೊಳ್ಳಿ, ಅದೇ ಹೆಣಿಗೆ, ಅದೇ ಸೊಂಟ. ಪ್ರದರ್ಶನ ಮುಗಿದ ಮೇಲೆ ಆ ಗೋಪುರವನ್ನು ಒಬ್ಬ ಶ್ರೀಮಂತರು ಕೊಂಡು ಪೊಲಿಬಿನೊ ಎಂಬ ಊರಿಗೆ ಸಾಗಿಸಿದರು. ಈಗಲೂ ಅಲ್ಲೇ ಇದೆ.

ಆಗ ಶುಖೋವ್ ಅವರಿಗೆ 43ರ ಸುಮಾರು. 1853ರಲ್ಲಿ ಗ್ರಾಯ್ವೊರೊನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು, ಓದಿದ್ದು ಮಾಸ್ಕೋದ ತಾಂತ್ರಿಕ ಶಾಲೆಯಲ್ಲಿ. ಗೋಪುರಕ್ಕೂ ಮೊದಲು ಬಾಕುವಿನ ಎಣ್ಣೆ ಬಾವಿಗಳಿಗೆ ಪೈಪ್‌ಲೈನ್ ಹಾಕಿದ್ದರು. ಎಣ್ಣೆ ಟ್ಯಾಂಕು, ದೋಣಿ, ಬಾಯ್ಲರ್, ಕಚ್ಚಾ ತೈಲವನ್ನು ಕಾಯಿಸಿ ಒಡೆಯುವ ವಿಧಾನಕ್ಕೆ 1891ರಲ್ಲಿ ಪೇಟೆಂಟು, ಎಲ್ಲವೂ ಅವರದೇ. ಎಲ್ಲದರಲ್ಲೂ ಒಂದೇ ಹಟ ಕಾಣುತ್ತದೆ: ಕಬ್ಬಿಣ ಎಷ್ಟು ಕಡಿಮೆ ಸಾಕು? ನಮ್ಮ ಡ್ರಾಯಿಂಗುಗಳಲ್ಲಿ ಭಯಕ್ಕೆ ಒಂದು ಸೈಜ್ ಜಾಸ್ತಿ ಹಾಕುವ ಅಭ್ಯಾಸ ನನಗೂ ಇದೆ. ಆ ಪ್ರಶ್ನೆ ನನ್ನನ್ನು ಇನ್ನೂ ಚುಚ್ಚುತ್ತದೆ.

1919ರಲ್ಲಿ ಶಾಬೊಲೊವ್ಕಾ ಗೋಪುರಕ್ಕೆ ಅವರು ಮೊದಲು ಹಾಕಿದ್ದ ಯೋಜನೆ 9 ಹಂತ, 350 ಮೀಟರ್ ಎತ್ತರ, ಸುಮಾರು 2,200 ಟನ್ ಉಕ್ಕು. ಐಫೆಲ್ ಗೋಪುರಕ್ಕಿಂತ ಎತ್ತರ, ತೂಕ ಮಾತ್ರ ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಆದರೆ ಅದು ರಷ್ಯಾದಲ್ಲಿ ಒಳಯುದ್ಧದ ಕಾಲ, ಉಕ್ಕು ಎಲ್ಲಿಂದ ಬರಬೇಕು? ಕೊನೆಗೆ ಸಿಕ್ಕಿದ್ದು ಸುಮಾರು 240 ಟನ್. ಅದರಲ್ಲೇ 6 ಹಂತ ನಿಲ್ಲಿಸಿದರು.

ನಿಲ್ಲಿಸಿದ ರೀತಿ ಇನ್ನೂ ದೊಡ್ಡದು. ಎತ್ತರದ ಅಟ್ಟಣಿಗೆ ಇಲ್ಲ, ಕ್ರೇನ್ ಇಲ್ಲ. ಮೊದಲ ಹಂತ ನಿಂತ ಮೇಲೆ ಅದರ ಹೊಟ್ಟೆಯೊಳಗೆ, ನೆಲದ ಮೇಲೇ, ಎರಡನೆಯದನ್ನು ಜೋಡಿಸಿದರು. ಮೊದಲನೆಯದರ ತುದಿಗೆ ರಾಟೆ ಕಟ್ಟಿ, ಹಗ್ಗ ಸುತ್ತುವ ವಿಂಚ್ ತಿರುಗಿಸಿ, ಒಳಗಿನಿಂದ ಮೇಲಕ್ಕೆ ಎಳೆದರು. ಹಾಗೇ ಮೂರನೆಯದು, ನಾಲ್ಕನೆಯದು. ದುರ್ಬೀನಿನ ಕೊಳವೆ ಎಳೆದ ಹಾಗೆ.

ನಾನೂ ಹಾಗೇ ಎಳೆಯಬೇಕು ಅಂತ ಕೂತೆ. ಆಗ ಸಮಸ್ಯೆ ಕೈಗೆ ತಾಗಿತು. ಎರಡನೇ ಹಂತದ ಬುಡ ಮೊದಲ ಹಂತದ ತುದಿಯ ಮೇಲೆ ಕೂರಬೇಕು, ಅಂದರೆ ಎರಡರ ಅಗಲವೂ 30 ಸೆಂಟಿಮೀಟರ್. ಅಷ್ಟೇ ಅಗಲದ ಬಾಯಿಯಿಂದ ಅದು ಹೊರಗೆ ಬರುವುದು ಹೇಗೆ? ಬುಡದ ಬಳೆ ತೆಗೆದೆ. ಕಾಲುಗಳ ತುದಿಗಳನ್ನೆಲ್ಲ ದಾರದಲ್ಲಿ ಒಳಕ್ಕೆ ಎಳೆದು ಕಟ್ಟಿದೆ. ಮೊದಲು ನನ್ನನ್ನು ಕಾಡಿದ್ದ ಅದೇ ಬಳುಕುವ ಗುಣ ಈಗ ಕೆಲಸಕ್ಕೆ ಬಂತು. ಬಾಯಿ ದಾಟಿದ ಮೇಲೆ ದಾರ ಬಿಚ್ಚಿದರೆ ಕಾಲುಗಳು ಅರಳಿ ಬಳೆಯ ಮೇಲೆ ಕೂತವು. ಆಮೇಲೆ ಓದಿದಾಗ ಗೊತ್ತಾಯಿತು, ಮಾಸ್ಕೋದಲ್ಲೂ ಬುಡವನ್ನು ಹೀಗೇ ಒಳಕ್ಕೆ ಬಿಗಿದು, ದಾಟಿಸಿ, ಬಿಟ್ಟಿದ್ದರು. ಅವತ್ತು ರಾತ್ರಿ ತುಂಬಾ ಹೊತ್ತು ಆ ಮಾದರಿಯ ಮುಂದೆ ಸುಮ್ನೆ ಕೂತಿದ್ದೆ.

ಮೂರನೆಯ ಹಂತ ಎಳೆಯುವಾಗ ಮಗಳು ಒಂದು ಕಡೆಯ ದಾರ ಹಿಡಿದಿದ್ದಳು. "ಅಪ್ಪಾ, ಜಾರ್ತಿದೆ" ಅಂದಳು. ನಾನು ನನ್ನ ಕಡೆಯ ದಾರವನ್ನು ಎಳೆಯುತ್ತಲೇ ಇದ್ದೆ. ಒಂದು ಗಂಟು ಬಿಚ್ಚಿಕೊಂಡಿತು. ಮೂರನೆಯದು ಓರೆಯಾಗಿ ಕೆಳಗೆ ಬಿತ್ತು, ಎರಡನೆಯದರ 7 ಕಡ್ಡಿ ಲಟಕ್ಕನೆ ಮುರಿದವು. ಮಗಳ ಕಣ್ಣಲ್ಲಿ ನೀರು.

1921ರ ಜೂನ್ 29ರಂದು ಶಾಬೊಲೊವ್ಕಾದಲ್ಲೂ ಹೀಗೇ ಆಗಿತ್ತು. ನಾಲ್ಕನೇ ಹಂತ ಎತ್ತುವಾಗ ಉಕ್ಕಿನ ಹಗ್ಗ ಹರಿದು, ಅದು ಬಿದ್ದು ಕೆಳಗಿನ ಹಂತಗಳಿಗೂ ಏಟು ಬಿತ್ತು. ಶುಖೋವ್ ಅವರಿಗೆ ಮರಣದಂಡನೆ ವಿಧಿಸಿ, ಜಾರಿ ಮಾಡದೆ ತಲೆಯ ಮೇಲೆ ತೂಗಿಬಿಟ್ಟರು. ಅವರ ವಯಸ್ಸು ಆಗ 67. ಅಂಥ ಭಾರ ಹೊತ್ತುಕೊಂಡೇ ಕೆಲಸ ಮುಂದುವರಿಸಿದರು. 1922ರ ಮಾರ್ಚ್‌ನಲ್ಲಿ ಗೋಪುರದಿಂದ ರೇಡಿಯೋ ಪ್ರಸಾರ ಶುರುವಾಯಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಗೋಪುರ ಇವತ್ತಿಗೂ ನಿಂತಿದೆ. ಸೈಟಿನಲ್ಲಿ ಒಂದು ಶಟರಿಂಗ್ ಕುಸಿದರೆ ನಾನು ವಾರಗಟ್ಟಲೆ ನಿದ್ದೆಗೆಡುತ್ತೇನೆ. ಆ ಒಂಬತ್ತು ತಿಂಗಳು ಆ ಮನುಷ್ಯ ಹೇಗೆ ಕಳೆದರು ಅಂತ ಊಹಿಸಲೂ ನನಗೆ ಆಗುವುದಿಲ್ಲ.

ಮುರಿದ ಕಡ್ಡಿಗಳನ್ನು ಮಾರನೇ ದಿನ ಬದಲಾಯಿಸಿದೆವು. ಈ ಸಲ ರಾಟೆಯ ಬದಲು ಬಳೆಯ ಸುತ್ತ 6 ಕಡೆ ಸಣ್ಣ ಮಣಿ ಕಟ್ಟಿ, ಅದರಲ್ಲಿ ದಾರ ಓಡಿಸಿದೆ, ಇಬ್ಬರೂ ಎಣಿಸಿಕೊಂಡು ಬೆರಳಷ್ಟು ಬೆರಳಷ್ಟೇ ಎಳೆದೆವು. ಮೂರನೆಯದು ಕೂತಿತು. ಈಗ ನಾಲ್ಕನೆಯದಕ್ಕೆ ಬಳೆ ಬಗ್ಗಿಸುತ್ತಿದ್ದೇನೆ. ಗುರುತು ಹಾಕುವ ಕೆಲಸ ಮಗಳದು.