ಅವ್ವನ ಲೋಟ, ಕಾಲೇಜಿನ ತೂಕ

ನಮ್ಮ ಮನೆಯಲ್ಲಿ ಚಾಕು ಇರಲಿಲ್ಲ. ಈಳಿಗೆಮಣೆ ಇತ್ತು. ಅವ್ವ ಅದರ ಮೇಲೆ ಒಂದು ಕಾಲು ಮಡಚಿ ಕೂತು, ತರಕಾರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿನ ಕಡೆಗೆ ತಳ್ಳುತ್ತಿದ್ದಳು. ನಾನೂ ಹಾಗೇ ಕಲಿತಿದ್ದೆ. ಹಾಸನದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಸೇರಿದ ಮೇಲೆ, ಮೊದಲ ಪ್ರಾಕ್ಟಿಕಲ್‌ನಲ್ಲಿ ಹಲಗೆ, ಚಾಕು, ಒಂದು ಈರುಳ್ಳಿ ಮುಂದಿಟ್ಟಾಗ ಕೈಗೆ ಎಲ್ಲಾ ತಿರುಗುಮುರುಗು ಅನ್ನಿಸಿತು. ಈಳಿಗೆಮಣೆಯಲ್ಲಿ ಅಲುಗು ನಿಂತಿರುತ್ತೆ, ತರಕಾರಿ ಓಡಾಡುತ್ತೆ. ಇಲ್ಲಿ ತರಕಾರಿ ನಿಂತಿರಬೇಕು, ಅಲುಗು ಓಡಾಡಬೇಕು.

ಎಡಗೈ ಬೆರಳ ತುದಿಗಳನ್ನು ಒಳಕ್ಕೆ ಮಡಚಬೇಕು. ಗೆಣ್ಣು ಮಾತ್ರ ಮುಂದಿರಬೇಕು. ಚಾಕುವಿನ ಮೈ ಆ ಗೆಣ್ಣಿಗೆ ತಾಗಿಕೊಂಡೇ ಏರಿ ಇಳಿಯಬೇಕು. ಕೇಳೋಕೆ ಸುಲಭ. ನನಗೆ ಮೊದಲ ವಾರವೇ ಎರಡು ಸಲ ಬೆರಳು ಕುಯ್ದಿತು. ಎರಡು ಸಲವೂ ಕೈಯಲ್ಲಿದ್ದದ್ದು ಮೊಂಡು ಚಾಕು. ಮೊಂಡು ಚಾಕು ಈರುಳ್ಳಿ ಮೇಲೆ ಜಾರುತ್ತೆ, ನಾವು ಜಾಸ್ತಿ ಒತ್ತುತ್ತೇವೆ, ಅದು ಬೆರಳಿಗೆ ಬರುತ್ತೆ. ಆಮೇಲಿನಿಂದ ಕೆಲಸ ಶುರು ಮಾಡುವ ಮೊದಲು ಚಾಕು ಮಸೆಯೋದನ್ನು ಒಂದು ದಿನವೂ ಬಿಟ್ಟಿಲ್ಲ.

ಕ್ಯಾರೆಟ್ಟನ್ನು ಎರಡು–ಮೂರು ಮಿಲಿಮೀಟರ್‌ನ ಚೌಕ ಚೂರು ಮಾಡೋದಕ್ಕೆ ಬ್ರುನ್ವಾ ಅಂತಾರೆ. ಚೆಫ್ ಸರ್ ನಮ್ಮ ಚೂರುಗಳ ಪಕ್ಕ ಸ್ಕೇಲ್ ಇಟ್ಟು ನೋಡುತ್ತಿದ್ದರು. ಇಷ್ಟು ಸಣ್ಣದಕ್ಕೆ ಇಷ್ಟೊಂದು ಯಾಕೆ ಅಂತ ಕೇಳಿದ್ದಕ್ಕೆ, ಒಂದೇ ಬಾಣಲೆಯಲ್ಲಿ ಒಂದು ಚೂರು ಕರಗಿ ಇನ್ನೊಂದು ಹಸಿ ಉಳಿದರೆ ಯಾವುದನ್ನು ನೋಡಿ ಒಲೆ ಆರಿಸ್ತೀಯ ಅಂತ ಕೇಳಿದರು. ಆ ಶನಿವಾರ ಊರಿಗೆ ಹೋದಾಗ ಅವ್ವ ಹೆಚ್ಚಿಟ್ಟಿದ್ದ ಹುರುಳಿಕಾಯಿ ನೋಡಿದೆ. ಎಲ್ಲಾ ಒಂದೇ ಅಳತೆ. ಇಷ್ಟು ವರ್ಷ ಆ ಪಲ್ಯ ತಿಂದಿದ್ದೇನೆ, ಒಂದು ಸಲವೂ ಅದನ್ನು ಗಮನಿಸಿರಲಿಲ್ಲ.

ನಮ್ಮದು ಹೊಳೆನರಸೀಪುರದ ಹತ್ತಿರದ ಹಳ್ಳಿ. ಬೆಳಗ್ಗೆ ಐದೂವರೆಗೆ ಎದ್ದು, ಬಸ್ಸು ಹತ್ತಿ, ಎಂಟೂವರೆಗೆ ಗ್ರೂಮಿಂಗ್‌ಗೆ ನಿಲ್ಲಬೇಕು. ಉಗುರು, ಗಡ್ಡ, ಕೂದಲು, ಶೂ ಎಲ್ಲಾ ನೋಡುತ್ತಾರೆ. ಉಂಗುರ, ವಾಚು ಇರಬಾರದು. ಬಿಳಿ ಕೋಟು ಇಸ್ತ್ರಿ ಆಗಿರಬೇಕು, ಸೊಂಟದಲ್ಲಿ ಎರಡು ಡಸ್ಟರ್ ಇರಬೇಕು. ಒಂಬತ್ತರಿಂದ ಒಂದು ಗಂಟೆವರೆಗೆ ಪ್ರಾಕ್ಟಿಕಲ್. ಮಧ್ಯಾಹ್ನ ಥಿಯರಿ. ಮೊದಲ ವರ್ಷ ಹಾಗೆ ಓಡಾಡಿ, ಎರಡನೇ ವರ್ಷ ಹಾಸ್ಟೆಲ್ ಸೇರಿದೆ.

ಸೇರುವವರೆಗೂ ನನ್ನ ತಲೆಯಲ್ಲಿ ಅಡುಗೆ ಅಂದರೆ ಒಲೆ ಮುಂದಿನ ಕೆಲಸ ಅಂತಿತ್ತು. ನಿಜ ಹೇಳಬೇಕು ಅಂದರೆ ಒಲೆ ಮುಂದೆ ನಿಲ್ಲೋದು ನಾಲ್ಕು ಗಂಟೆಯಲ್ಲಿ ಮುಕ್ಕಾಲು ಗಂಟೆ ಅಷ್ಟೇ. ಹಿಂದಿನ ದಿನವೇ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಪಟ್ಟಿ, ಬರೆದು ಸ್ಟೋರಿಗೆ ಕೊಡಬೇಕು. ಅದರಲ್ಲಿ ಉಪ್ಪು ಬರೆಯೋದು ಮರೆತರೆ ಮರುದಿನ ಉಪ್ಪಿಗೂ ಪಕ್ಕದ ಟೇಬಲ್ ಹತ್ತಿರ ಹೋಗಿ ನಿಲ್ಲಬೇಕು. ಬೆಳಗ್ಗೆ ತೂಗಬೇಕು, ತೊಳೀಬೇಕು, ಹೆಚ್ಚಬೇಕು, ಸಣ್ಣ ಬಟ್ಟಲುಗಳಲ್ಲಿ ಸಾಲಾಗಿ ಇಡಬೇಕು. ಇದಕ್ಕೆ ಫ್ರೆಂಚ್‌ನಲ್ಲಿ ಮೀಸಾನ್ ಪ್ಲಾಸ್ ಅಂತ ಹೆಸರು. ಹಸಿ ಮಾಂಸಕ್ಕೆ ಕೆಂಪು ಹಲಗೆ, ಮೀನಿಗೆ ನೀಲಿ, ಸೊಪ್ಪು–ಹಣ್ಣಿಗೆ ಹಸಿರು. ಕೊನೆಗೆ ಒಲೆ ಉಜ್ಜಿ, ನೆಲ ತೊಳೆದು, ನೀರು ತಳ್ಳಿದ ಮೇಲೇ ಊಟ.

ಎಲ್ಲಕ್ಕಿಂತ ನನಗೆ ಕಷ್ಟ ಕೊಟ್ಟಿದ್ದು ಬಿಳಿ ಸಾಸ್. ಬೆಷಮೆಲ್ ಅಂತಾರೆ. ಒಂದು ಲೀಟರ್ ಹಾಲಿಗೆ 60 ಗ್ರಾಂ ಬೆಣ್ಣೆ, 60 ಗ್ರಾಂ ಮೈದಾ. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಕಲಕೋದು, ಅಷ್ಟೇ. ಮೂರು ಸಲ ಮಾಡಿದೆ, ಮೂರು ಸಲವೂ ಗಂಟು. ಕೊನೆಗೆ ಒಂದು ಗಂಟನ್ನು ತೆಗೆದು ಬೆರಳಲ್ಲಿ ಒಡೆದು ನೋಡಿದೆ. ಹೊರಗೆ ಲೋಳೆ, ಒಳಗೆ ಒಣ ಹಿಟ್ಟು ಹಾಗೇ ಕೂತಿತ್ತು. ಅದನ್ನು ನೋಡಿದ ತಕ್ಷಣ ಮನೆ ನೆನಪಾಯಿತು. ಸರಿಯಾಗಿ ತಿರುವದ ರಾಗಿಮುದ್ದೆಯ ಗಂಟು ಒಡೆದರೂ ಒಳಗೆ ಹೀಗೇ ಇರುತ್ತೆ ಅಲ್ವಾ!

ಎರಡಕ್ಕೂ ಕಾರಣ ಒಂದೇ. ಒಣ ಹಿಟ್ಟಿನ ಗುಪ್ಪೆಗೆ ಬಿಸಿ ನೀರು ತಾಗಿದ ಕೂಡಲೇ ಮೇಲಿನ ಪದರ ಬೆಂದು ಅಂಟಾಗುತ್ತೆ. ಆ ಅಂಟು ದಾಟಿ ನೀರು ಒಳಗೆ ಹೋಗೋಕೆ ಆಗಲ್ಲ. ಬೆಣ್ಣೆಯಲ್ಲಿ ಹುರಿದರೆ ಹಿಟ್ಟಿನ ಒಂದೊಂದು ಕಣಕ್ಕೂ ಜಿಡ್ಡು ಸವರಿಕೊಂಡು ಬಿಡಿಬಿಡಿಯಾಗಿರುತ್ತೆ, ಒಂದಕ್ಕೊಂದು ಅಂಟಲ್ಲ. ನಾನು ಆತುರದಲ್ಲಿ ಹಿಟ್ಟು ಬೆಣ್ಣೆಯಲ್ಲಿ ಪೂರ್ತಿ ಬೆರೆಯುವ ಮೊದಲೇ ಹಾಲೆಲ್ಲಾ ಒಟ್ಟಿಗೆ ಸುರಿಯುತ್ತಿದ್ದೆ. ಅವ್ವ ಏನು ಮಾಡ್ತಾಳೆ? ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಎಸರಿಗೆ ಬಿಡುತ್ತಾಳೆ. ಅದು ಕುದ್ದ ಮೇಲೆ ಉಳಿದ ಹಿಟ್ಟನ್ನು ಮಧ್ಯಕ್ಕೆ ಗುಡ್ಡೆ ಹಾಕುತ್ತಾಳೆ. ಕೋಲಿನಿಂದ ನಡುವೆ ತೂತು ಮಾಡಿ ಸುಮ್ನೆ ಬಿಡುತ್ತಾಳೆ. ಆವಿ ಒಳಗೆ ನುಗ್ಗಿ ಹಿಟ್ಟು ಬೇಯುವವರೆಗೆ ತಿರುವೋದಿಲ್ಲ. ನಾನು ತಿರುವೋಕೆ ಹೋದರೆ ‘ತಡಿಯೋ, ಬೇಯ್ಲಿ’ ಅನ್ನುತ್ತಿದ್ದಳು. ಆ ‘ತಡಿಯೋ’ ಯಾಕೆ ಅಂತ ನನಗೆ ಗೊತ್ತಾಗಿದ್ದು ಬಿಳಿ ಸಾಸ್ ಕೆಟ್ಟ ಮೇಲೆ. ನಾಲ್ಕನೇ ಸಲ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿದೆ. ರೇಷ್ಮೆ ಹಾಗೆ ಬಂತು.

ಸ್ಟಾಕ್, ಅಂದರೆ ಮೂಳೆ, ತರಕಾರಿ ಬೇಯಿಸಿ ಸೋಸಿದ ನೀರು, ಮಾತ್ರ ಬೇಗ ಅರ್ಥವಾಯಿತು. ಬಸ್ಸಾರು ಉಂಡು ಬೆಳೆದವರಿಗೆ ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನ ಬೆಲೆ ಗೊತ್ತು. ಕೋಳಿ ಮೂಳೆಗೆ ತಣ್ಣೀರು ಹಾಕಿ, ಎರಡು ಪಾಲು ಈರುಳ್ಳಿ, ಒಂದೊಂದು ಪಾಲು ಕ್ಯಾರೆಟ್, ಸೆಲರಿ ಸೇರಿಸಿ, ಮೂರು–ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಇಡಬೇಕು. ಕೊತಕೊತ ಕುದಿಸಿದರೆ ನೊರೆ, ಜಿಡ್ಡು ಎಲ್ಲಾ ಒಳಗೇ ಕಲಸಿ ರಾಡಿಯಾಗುತ್ತೆ. ಉಪ್ಪು ಹಾಕಬಾರದು, ಆಮೇಲೆ ಇಂಗಿಸಿದಾಗ ಉಪ್ಪೇ ಮುಂದಾಗುತ್ತೆ.

ಆದರೆ ಇದೇ ಸ್ಟಾಕ್‌ನಲ್ಲಿ ನಾನು ಮಾಡಿದ ಒಂದು ತಪ್ಪು ಇವತ್ತಿಗೂ ಮನಸ್ಸಿನಲ್ಲಿದೆ. ಹತ್ತು ಲೀಟರ್ ಸ್ಟಾಕ್ ಸೋಸಿ, ಎತ್ತರದ ಪಾತ್ರೆಯಲ್ಲಿ ಬಿಸಿಬಿಸಿ ಇರುವಾಗಲೇ ಮುಚ್ಚಳ ಮುಚ್ಚಿ ಕಟ್ಟೆ ಮೇಲೆ ಬಿಟ್ಟು ಹೋದೆ. ಬೆಳಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ. ಮೇಲೆ ಸಣ್ಣ ಗುಳ್ಳೆ. ನಾಲ್ಕು ಜನರ ಒಂದು ದಿನದ ಕೆಲಸವನ್ನು ಚರಂಡಿಗೆ ಚೆಲ್ಲಿದೆವು. 5 ಡಿಗ್ರಿಯಿಂದ 60 ಡಿಗ್ರಿವರೆಗೆ ಬ್ಯಾಕ್ಟೀರಿಯಾಗಳಿಗೆ ಹಬ್ಬ ಅಂತ ಥಿಯರಿಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ದೊಡ್ಡ ಪಾತ್ರೆಯ ನಡುಭಾಗ ಇಡೀ ರಾತ್ರಿ ಆ ಉಗುರುಬೆಚ್ಚಗೆಯಲ್ಲೇ ಕೂತಿರುತ್ತೆ ಅಂತ ಹೊಳೆದಿರಲಿಲ್ಲ. ಈಗ ಅಗಲ ತಟ್ಟೆಗಳಿಗೆ ಹಂಚುತ್ತೇನೆ, ಇಲ್ಲವೇ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಕಲಕುತ್ತೇನೆ. ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಯಬೇಕು, ಆಮೇಲೆ ಫ್ರಿಜ್ಜು. ಊರಿನ ದೇವರ ಕೆಲಸಕ್ಕೆ ಮಾಡಿದ ಸಾರು ಉಳಿದರೂ ಇದನ್ನೇ ಮಾಡಿಸುತ್ತೇನೆ.

ಹಾಸನದಲ್ಲಿ ಓದಿ ಆಲೂಗಡ್ಡೆ ಬಗ್ಗೆ ಹೇಳದೆ ಇರೋಕಾಗಲ್ಲ. ಇಲ್ಲಿ ಮುಂಗಾರಿಗೆ ಆಲೂಗಡ್ಡೆ ಹಾಕುತ್ತಾರೆ, ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತೆ. ಹೊಸ ಬೆಳೆ ಬಂದಾಗ ಕಟ್ಟಿನಕೆರೆ ಮಾರುಕಟ್ಟೆಯಿಂದ ನಾವೇ ತಂದಿದ್ದೆವು. ಒಂದು ಟೇಬಲ್‌ನವರು ಅದನ್ನು ವಾರವಿಡೀ ಫ್ರಿಜ್ಜಿನಲ್ಲಿಟ್ಟು ಆಮೇಲೆ ಫ್ರೆಂಚ್ ಫ್ರೈಸ್ ಕರಿದರು. ಒಳಗೆ ಬೇಯುವ ಮೊದಲೇ ಹೊರಗೆ ಕಂದಾಯಿತು, ರುಚಿ ಸಿಹಿ ಸಿಹಿ. ಚಳಿಯಲ್ಲಿಟ್ಟರೆ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತೆ, ಆ ಸಕ್ಕರೆ ಎಣ್ಣೆಯಲ್ಲಿ ಬೇಗ ಕಂದುತ್ತೆ. ನಮ್ಮಜ್ಜಿ ಆಲೂಗಡ್ಡೆಯನ್ನು ಅಟ್ಟದ ಕತ್ತಲಲ್ಲಿ ಹರಡಿಡುತ್ತಿದ್ದಳು. ಅದೇ ಸರಿ.

ಮೂರನೇ ಸೆಮಿಸ್ಟರ್‌ನಲ್ಲಿ ನಮ್ಮ ನಮ್ಮ ಊರಿನ ಅಡುಗೆ ಮಾಡುವ ದಿನ ಬಂತು. ನನ್ನ ಪಾಲಿಗೆ ನಲವತ್ತು ಜನಕ್ಕೆ ಮುದ್ದೆ, ಅವರೆಕಾಳು ಬಸ್ಸಾರು. ಅದಕ್ಕಾಗಿ ಕಾಲೇಜಿನಿಂದ ತೂಕದ ಯಂತ್ರ ಕೇಳಿ ಪಡೆದು ಊರಿಗೆ ಒಯ್ದೆ. ಅವ್ವ ಎಂದಿನಂತೆ ಲೋಟದಲ್ಲಿ ಹಿಟ್ಟು ತುಂಬಿದಳು, ನಾನು ತೂಗಿದೆ. 150 ಗ್ರಾಂ. ಬೇಕಂತಲೇ ಐದು ಸಲ ತುಂಬಿಸಿದೆ. ಐದು ಸಲವೂ ನಾಲ್ಕೈದು ಗ್ರಾಂ ಆಚೀಚೆ, ಅಷ್ಟೇ. ‘ಏನ್ಲಾ, ನನ್ನ ಕೈಯನ್ನೇ ತೂಗ್ತಿದೀಯಾ?’ ಅಂದಳು. ಲೋಟ ಹಿಟ್ಟಿಗೆ ಎರಡು ಲೋಟ ನೀರು ಅವಳ ಲೆಕ್ಕ.

ಆ ಲೆಕ್ಕವನ್ನೇ ನಲವತ್ತು ಜನಕ್ಕೆ ಗುಣಿಸಿದೆ. ತಲೆಗೆ 100 ಗ್ರಾಂನಂತೆ ನಾಲ್ಕು ಕೆಜಿ ಹಿಟ್ಟು, ಅದಕ್ಕೆ ಕಾಲು ಲೀಟರ್ ಲೋಟದ ಲೆಕ್ಕದಲ್ಲಿ 13 ಲೀಟರ್ ಚಿಲ್ಲರೆ ನೀರು. ಹಿಂದಿನ ವಾರ ಟ್ರಯಲ್ ಮಾಡಿದಾಗ ಮುದ್ದೆ ಕಟ್ಟೋಕೇ ಬರಲಿಲ್ಲ. ತಟ್ಟೆಯಲ್ಲಿ ಇಟ್ಟರೆ ಹರಡಿಕೊಂಡಿತು. ಅವ್ವನ ಅಳತೆ ತಪ್ಪಲ್ಲ, ಗುಣಿಸಿದ್ದು ತಪ್ಪು. ಮನೆಯ ಸಣ್ಣ ಪಾತ್ರೆಯಲ್ಲಿ ಎಸರು ಕುದಿಯುವಾಗ ನೀರಿನ ಒಂದು ದೊಡ್ಡ ಪಾಲು ಆವಿಯಾಗಿ ಹೋಗುತ್ತೆ, ಅವಳ ಎರಡು ಲೋಟದಲ್ಲಿ ಅದೂ ಸೇರಿದೆ. ಆಳದ ದೊಡ್ಡ ಪಾತ್ರೆಯಲ್ಲಿ ನೀರು ಜಾಸ್ತಿ, ಆವಿ ಹೋಗುವ ಬಾಯಿ ಅಷ್ಟು ಜಾಸ್ತಿ ಅಲ್ಲ. ಹಾಗಾಗಿ ನೀರು ಉಳಿದುಬಿಡುತ್ತೆ. ಕಾರ್ಯಕ್ರಮದ ದಿನ ಹನ್ನೊಂದೂವರೆ ಲೀಟರಿಗೆ ಇಳಿಸಿದೆ. ಹಾಸ್ಟೆಲ್ ಮೆಸ್ಸಿನ ಅಡುಗೆಯವರು ಉದ್ದದ ಕೋಲು ಕೊಟ್ಟರು. ಒಬ್ಬ ಪಾತ್ರೆ ಒತ್ತಿ ಹಿಡಿದ, ಇಬ್ಬರು ಸರದಿಯಲ್ಲಿ ತಿರುವಿದೆವು. ತೋಳು ಬಿದ್ದುಹೋದ ಹಾಗಾಗಿತ್ತು. ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಿದ ನಲವತ್ತು ಮುದ್ದೆಯೂ ತಟ್ಟೆಯಲ್ಲಿ ಗುಂಡಗೆ ಕೂತವು. ಮಂಗಳೂರಿನ ಗೆಳೆಯ ಅಗಿಯೋಕೆ ಶುರು ಮಾಡಿದ್ದ. ಮುರಿದು, ಸಾರಲ್ಲಿ ಅದ್ದಿ, ಹಾಗೇ ನುಂಗಬೇಕು ಅಂತ ಪಕ್ಕದಲ್ಲಿ ಕೂತು ತೋರಿಸಿದೆ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

‘ಗಂಟಿತ್ತೇನ್ಲಾ?’

‘ಒಂದೂ ಇರಲಿಲ್ಲ ಕಣವ್ವ.’

‘ನೀರು ಎಷ್ಟು ಇಟ್ಟಿದ್ದೆ?’

‘ಹನ್ನೊಂದೂವರೆ ಲೀಟರ್.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: ‘ಅಷ್ಟು ಹಿಟ್ಟು ತಡ್ಕೊಳೋ ಕೋಲು ಯಾವ ಮರದ್ದು?’

ನಾನು ನೋಡಿರಲಿಲ್ಲ. ಬೆಳಗ್ಗೆ ಮೆಸ್ಸಿಗೆ ಹೋಗಿ ಕೇಳಿಕೊಂಡು ಬಂದು ಹೇಳಿದೆ.